ಗಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಅವ್ವ

ನಾನು ಕೊಂಡ ಮೊದಲ ಕಾರು ಒಬ್ಬ ತಂದೆಯ ಹೆದರಿಕೆಯಿಂದ ನನ್ನ ಪಾಲಿಗೆ ಬಂದದ್ದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸಂಜೆ ಒಬ್ಬ ಫೌಂಡ್ರಿ ಮಾಲೀಕರ ಮಗಳಿಗೆ ಗಣಿತ ಹೇಳಿಕೊಡಲು ಅವರ ಮನೆಗೆ ಹೋಗುತ್ತಿದ್ದೆ. ಅವರ ಮನೆಮಾತೂ ಕನ್ನಡವೇ ಆದ್ದರಿಂದ ಚಹಾದ ಜೊತೆ ಮಾತೂ ಸಿಗುತ್ತಿತ್ತು. ಅಂಗಳದಲ್ಲಿ ಒಂದು ಸಣ್ಣ ಕೆಂಪು ಕಾರು ನಿಂತಿರುತ್ತಿತ್ತು, ಹಿಂದಿನ ಬಾಗಿಲು ಮೇಲಕ್ಕೆ ಎತ್ತುವಂಥದ್ದು. ಮಾಲೀಕರ ಹಿರಿಯ ಮಗ ಅದನ್ನು ತನ್ನ ಮನಸ್ಸಿಗೆ ಬಂದ ಹಾಗೆ ಮಾಡಿಸಿಕೊಂಡಿದ್ದ. ಎಂಜಿನ್ನಿನ ಜೋರು ಹೆಚ್ಚಿಸಿದ್ದ, ಸೈಲೆನ್ಸರ್ ಬದಲಿಸಿದ್ದ, ಗಾಡಿಯನ್ನು ನೆಲಕ್ಕೆ ತಗ್ಗಿಸಿ ಗಟ್ಟಿ ಸ್ಪ್ರಿಂಗು, ಗಟ್ಟಿ ಶಾಕಪ್ ಹಾಕಿಸಿದ್ದ. ಗೆಳೆಯರ ಜೊತೆ ಪಂತ ಕಟ್ಟಿ ಪನ್ಹಾಳ ಗುಡ್ಡದ ತಿರುವುಗಳಲ್ಲಿ ಏರಿಸುತ್ತಿದ್ದನಂತೆ.

ಒಂದು ಸಂಜೆ ಮಾಲೀಕರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಮಾಸ್ತರ, ನಿಮಗ ಅಂಜಿಕಿ ಐತೇನ್ರಿ?"

"ಯಾವುದರ ಅಂಜಿಕಿ ಸಾವ್ಕಾರ?"

"ಗಾಡಿ ಹೊಡಿಯೂ ಅಂಜಿಕಿ."

"ಭಾಳ ಐತ್ರಿ. ಮೊನ್ನೆ ಮೊನ್ನೆ ಕಲತೇನಿ."

"ಹಂಗಾರ ಇದನ್ನ ನೀವ ಒಯ್ರಿ. ಇದು ಮನ್ಯಾಗ ಇದ್ರ ನನಗ ನಿದ್ದಿ ಬರಂಗಿಲ್ಲ."

ವ್ಯವಹಾರ ಅಷ್ಟೇ. ಕಾರಿನ ಜೊತೆ ಒಂದು ಗೋಣಿಚೀಲವೂ ಬಂತು. ಅದರೊಳಗೆ ಕಾರು ಹುಟ್ಟುವಾಗ ಇದ್ದ ಮೂಲ ಸಾಮಾನು: ಮುಂದಿನ ಸ್ಪ್ರಿಂಗುಗಳು, ಹಿಂದಿನ ಪಾಟಾ ಎಂಬ ಪಟ್ಟಿ ಸ್ಪ್ರಿಂಗು, ಶಾಕಪ್ಪು. ಎಲ್ಲ ಮೆತ್ತನೆಯವು, ಎಣ್ಣೆ ಸವರಿ ಜೋಪಾನ ಮಾಡಿದವು. "ಬೇಕಾದ್ರ ಹಾಕಸ್ರಿ, ಬ್ಯಾಡಾದ್ರ ಬಿಡ್ರಿ" ಅಂದರು.

ನನ್ನ ವಂಶದಲ್ಲಿ ಮೊದಲ ಪದವೀಧರ ನಾನು. ಇದನ್ನು ಹೇಳಲು ನನಗೆ ಯಾವತ್ತೂ ಸಂಕೋಚ ಆಗಿಲ್ಲ. ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಕುರಿ ಸಾಕುವ ಮನೆ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷು. ಕೊಲ್ಲಾಪುರದ ಬೋರ್ಡಿಂಗಿನಲ್ಲಿ ಉಂಡು, ರಜೆಯಲ್ಲಿ ಫೌಂಡ್ರಿಯ ಮರಳು ಜರಡಿ ಹಿಡಿದು ಬಿ.ಎಸ್ಸಿ. ಮುಗಿಸಿದವನು. ಅಂಥವನು ಒಂದು ಕೆಂಪು ಕಾರಿನ ಸ್ಟೇರಿಂಗ್ ಹಿಡಿದು ಊರಿಗೆ ಹೊರಟರೆ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ.

ಆ ಗಾಡಿ ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು. ಊರಿಗೆ ಹೋಗುವಾಗ ನಿಪ್ಪಾಣಿ ದಾಟಿದ ಮೇಲೆ ತವಂದಿ ಘಾಟ ಬರುತ್ತದೆ. ಎಸ್ಟಿ ಬಸ್ಸಿನಲ್ಲಿ ಆ ಘಾಟು ಹತ್ತುವಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಈ ಕಾರು ಎಡಕ್ಕೂ ವಾಲುತ್ತಿರಲಿಲ್ಲ, ಬಲಕ್ಕೂ ವಾಲುತ್ತಿರಲಿಲ್ಲ. ಆದರೆ ಒಂದು ಹೊಂಡ ಬಂತೋ, ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಒಮ್ಮೆ ನನ್ನ ಜೊತೆ ಕೂತು ಬಂದ ಮರಾಠಿ ಮಾಸ್ತರರು ಇಳಿದು ಸೊಂಟ ಹಿಡಿದುಕೊಂಡು, "ಪೆಟ್ಟಿಗಿಯೊಳಗ ಕಡ್ಲಿ ಹಾಕಿ ಅಲುಗಾಡಿಸಿದಂಗ ಆತು" ಅಂದರು. ನನಗೆ ಮಾತ್ರ ಅದು ಇಷ್ಟ. ಸ್ಪ್ರಿಂಗಿನ ಪಾಠ ಮಾಡುವಾಗ ಹುಡುಗರಿಗೆ ಹೊರಗೆ ನಿಂತ ನನ್ನ ಕಾರನ್ನೇ ತೋರಿಸುತ್ತಿದ್ದೆ.

ಅದೇ ವರ್ಷ ಇಚಲಕರಂಜಿಯಲ್ಲಿ, ನನ್ನ ಹೆಂಡತಿಯ ತವರಿನಲ್ಲಿ, ನಮಗೆ ಮೊದಲ ಮಗಳು ಹುಟ್ಟಿದಳು. ಆಗ ಆ ಗೋಣಿಚೀಲದ ಪ್ರಶ್ನೆ ಎದ್ದಿತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೆಳಗೆ ಹಾಸುವುದು ಸಣ್ಣದೊಂದು ಕಂಬಳಿ. ಕುರಿಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯಿಂದ ಅದರ ನೂಲನ್ನು ಕೂಸಿನ ತಂದೆಯ ತಾಯಿಯೇ ನೂತಿರಬೇಕು, ಅವಳೇ ತನ್ನ ಕೈಯಿಂದ ತೊಟ್ಟಿಲಲ್ಲಿ ಹಾಸಬೇಕು. ನನ್ನನ್ನು ಮಲಗಿಸಿದ್ದು ನನ್ನ ಅಜ್ಜಿ ಹಾಸಿದ ಕಂಬಳಿಯ ಮೇಲೆ. ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ಅವ್ವ ಕದಿರು ಕೈಬಿಟ್ಟಿರಲಿಲ್ಲ. ಕಂಬಳಿ ತಯಾರಾಗಿತ್ತು. ಅವ್ವ ಮಾತ್ರ ಬರಲು ತಯಾರಿರಲಿಲ್ಲ.

"ನಾ ಬರಂಗಿಲ್ಲೋ. ಕಂಬಳಿ ಕೊಡತೇನಿ, ಒಯ್ಯಿ. ಬೀಗತಿ ಹಾಸ್ಲಿ." ಹೀಗೆ ಹೇಳಿ ಮುಖ ತಿರುಗಿಸಿ ಒಲೆಯ ಬೂದಿ ತೆಗೆಯುತ್ತ ಕೂತಳು. ತೆಗೆದ ಬೂದಿಯನ್ನೇ ಮತ್ತೆ ತೆಗೆಯುತ್ತಿದ್ದಳು. ಬೀಗತಿ ಎಂದರೆ ನನ್ನ ಹೆಂಡತಿಯ ತಾಯಿ, ಬಾಯಿ ಜೋರಿನ ಹೆಂಗಸು. ತಾನು ನೂತ ಕಂಬಳಿಯನ್ನು ಆ ಕೈ ಹಾಸುವುದು ಅವ್ವನಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಆದರೆ ಅವ್ವನ ಭಯ ಅದಕ್ಕಿಂತ ದೊಡ್ಡದು. ಅವಳಿಗೆ ಬಸ್ಸು ಆಗುತ್ತಿರಲಿಲ್ಲ.

ಆಗುತ್ತಿರಲಿಲ್ಲ ಎಂದರೆ ಎಷ್ಟು ಎಂದು ಹೇಳಬೇಕು. ಎಪ್ಪತ್ತರ ದಶಕದಲ್ಲಿ ನನ್ನ ಪದವಿಪ್ರದಾನ ಇತ್ತು. ಅಪ್ಪ ಅವ್ವ ಇಬ್ಬರೂ ಬರುವುದೆಂದು ಠರಾವಾಯಿತು. ಅವ್ವ ಹೊಸ ಸೀರೆ ಉಟ್ಟು, ನಿಂಬೆಹಣ್ಣು ಮೂಸುತ್ತ ಎಸ್ಟಿ ಹತ್ತಿದಳು. ಸಂಕೇಶ್ವರದವರೆಗೆ ಹಲ್ಲು ಕಚ್ಚಿ ಕೂತಳಂತೆ. ತವಂದಿ ಘಾಟಿನಲ್ಲಿ ಸೋತಳು. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಇಳಿದು ಒಂದು ಬೇವಿನ ಗಿಡದ ಬುಡಕ್ಕೆ ಕೂತವಳು ಮತ್ತೆ ಬಸ್ಸು ಹತ್ತಲಿಲ್ಲ. ಅವಳನ್ನು ಬಿಟ್ಟು ಅಪ್ಪನೂ ಮುಂದೆ ಬರಲಿಲ್ಲ. ನಾನು ಬಾಡಿಗೆಯ ಕರೀ ಗೌನು ಹಾಕಿಕೊಂಡು ಕೊಲ್ಲಾಪುರದಲ್ಲಿ ವಿದ್ಯಾಪೀಠದ ಗೇಟಿನ ಮುಂದೆ, ಒಳಗಿನಿಂದ ಕರೆ ಬರುವವರೆಗೂ ನಿಂತಿದ್ದೆ. ಬಂದ ಬಂದ ಟಾಂಗಾ ರಿಕ್ಷಾಗಳನ್ನೆಲ್ಲ ನೋಡಿದೆ. ಅವರಿಬ್ಬರು ಆ ಹೊತ್ತಿಗೆ ನಿಪ್ಪಾಣಿಯಿಂದ ಸಂಕೇಶ್ವರಕ್ಕೆ ಹೊರಟ, ತಂಬಾಕು ಹೇರಿದ ಎತ್ತಿನ ಚಕ್ಕಡಿಯೊಂದನ್ನು ಹಿಡಿದು, ಅದೇ ಘಾಟಿನಲ್ಲಿ ಹಿಂದಿರುಗುತ್ತಿದ್ದರು. ಮುಂದಿನ ವಾರ ಊರಿಗೆ ಹೋದಾಗ ಅವ್ವ ಕೇಳಿದ್ದು ಒಂದೇ ಮಾತು: "ಎಲ್ಲೈತಿ ಆ ಕರೀ ಅಂಗಿ?"

"ಬಾಡಿಗಿದ್ದವ್ವ, ತಿರಗಿ ಕೊಟ್ಟೆ."

"ಹೂಂ" ಅಂದಳು. ಅದಾದ ಮೇಲೆ ನನ್ನ ನೌಕರಿ, ನನ್ನ ಲಗ್ನ, ನನ್ನ ಬಾಡಿಗೆ ಮನೆ. ಲಗ್ನವೇನೋ ನಮ್ಮ ಊರಲ್ಲೇ ಆಯಿತು. ಕೊಲ್ಲಾಪುರದ ನನ್ನ ಮನೆಯ ಹೊಸ್ತಿಲನ್ನು ಅವ್ವ ಕಂಡಿರಲಿಲ್ಲ. ಚಕ್ಕಡಿ ಮುಟ್ಟುವಷ್ಟು ದೂರವೇ ಅವಳ ಜಗತ್ತು: ಗಡಹಿಂಗ್ಲಜದ ಸಂತೆ, ಉತ್ತೂರದ ಕಡೆಯ ಅವಳ ತವರು.

ಈ ಸಲ ಹಾಗಾಗಬಾರದು ಎಂದು ನಾನು ಹಟ ಹಿಡಿದೆ. ಮನೆ ಬಾಗಿಲಿಗೇ ಬರುವ ಕಾರು ಇದೆ, ಬೇಕಾದಲ್ಲಿ ನಿಲ್ಲಿಸುತ್ತೇನೆ. ಅಡ್ಡ ಇದ್ದದ್ದು ಒಂದೇ, ಆ ಗಟ್ಟಿ ಸ್ಪ್ರಿಂಗು. ಆ ಮರಾಠಿ ಮಾಸ್ತರರಂಥ ತರುಣರ ಸೊಂಟವೇ ತಾಳದ ಗಾಡಿಯಲ್ಲಿ ಮುದುಕಿಯನ್ನು ಹೇಗೆ ಒಯ್ಯುವುದು?

ಉದ್ಯಮನಗರದಲ್ಲಿ ನನ್ನ ಗಾಡಿ ನೋಡುವ ಮಿಸ್ತ್ರಿ ಇದ್ದ, ಅಪ್ಪಟ ಕೊಲ್ಲಾಪುರಿ. ಗೋಣಿಚೀಲ ಅವನ ಮುಂದೆ ಸುರಿದೆ. "ಕಾಯ್ ಮಾಸ್ತರ, ಠರಲಂ ಕಾ?" ನಿಶ್ಚಯ ಆಯಿತೇ ಎಂದು ಕೇಳಿದ. ಆಗಿಲ್ಲ ಅಂದೆ. ಅವನು ಕೈ ಒರೆಸಿಕೊಂಡು ಎರಡನ್ನೂ ವಿವರಿಸಿದ. ಗಟ್ಟಿಯದು ಇದ್ದರೆ ತಿರುವಿನಲ್ಲಿ ರಾಜ, ಹೊಂಡದಲ್ಲಿ ಕೂಲಿ. ಮೆತ್ತನೆಯದು ಹಾಕಿದರೆ ಹೊಂಡಕ್ಕೆ ಬಿದ್ದದ್ದೇ ಗೊತ್ತಾಗುವುದಿಲ್ಲ, ಆದರೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಏಳುತ್ತದೆ, ಓಡುವ ಮೋಜು ಹೋಗುತ್ತದೆ. ಅವ್ವನ ವಿಷಯ ಹೇಳಿದೆ. ಅವನು ಯೋಚನೆಯನ್ನೇ ಮಾಡಲಿಲ್ಲ, ಮತ್ತೆ ವಿಚಾರ ಮಾಡುವುದೇನಿದೆ ಎಂದ. "ಮಗ ವಿಚಾರ ಕಸಲಾ? ಮೆತ್ತಂದು ಹಾಕೂಣು. ಆಯಿ ಗಾದಿ ಮ್ಯಾಲೆ ಮಲಗಿದಂಗ ಹೋಗ್ತಾರ."

ನನ್ನ ಭೌತಶಾಸ್ತ್ರವೂ ಅದನ್ನೇ ಹೇಳುತ್ತಿತ್ತು, ಹೆಂಡತಿಯೂ ಅದನ್ನೇ ಹೇಳಿದ್ದಳು. ಗಟ್ಟಿ ಸ್ಪ್ರಿಂಗುಗಳು ಗೋಣಿಚೀಲ ಸೇರಿದವು. ಅವ್ವನಿಗಾಗಿ ಏನೋ ದೊಡ್ಡ ತ್ಯಾಗ ಮಾಡಿದವನ ಠೀವಿಯಲ್ಲಿ ನಾನು ಗಾಡಿ ಹೊಡೆದುಕೊಂಡು ಬಂದೆ. ನಿಜಕ್ಕೂ ಹೊಂಡಗಳೆಲ್ಲ ಎಲ್ಲೋ ಕರಗಿಹೋದಂತೆ ಇತ್ತು.

ತೊಟ್ಟಿಲ ಕಾರ್ಯಕ್ಕೆ ಇನ್ನು ಒಂದು ವಾರ ಇತ್ತು. ಅದಕ್ಕೆ ಮುಂಚಿನ ರವಿವಾರ ಊರಿಗೆ ಹೋಗಿ, "ಅವ್ವ, ಗಡಹಿಂಗ್ಲಜದ ತನಕ ಒಂದು ಸುತ್ತು ಹಾಕಿ ಬರೂಣು ಬಾ. ಆಗಲಿಲ್ಲಂದ್ರ ಒತ್ತಾಯ ಇಲ್ಲ" ಅಂದೆ. ಅಕ್ಕ ಅವಳನ್ನು ಮುಂದೆ ತಳ್ಳಿದಳು. ಅಕ್ಕನನ್ನು ನಮ್ಮ ಊರಲ್ಲೇ ಕೊಟ್ಟದ್ದು, ಮಗುವಿಗೆ ಹೆಸರಿಡಬೇಕಾದ ಸೋದರತ್ತೆ ಅವಳೇ. ಅವ್ವ ಹಿಂದಿನ ಸೀಟಿನ ತುದಿಯಲ್ಲಿ, ಮೊಟ್ಟೆಯ ಮೇಲೆ ಕೂತವಳ ಹಾಗೆ ಕೂತಳು. ನಾನು ಗಾಜು ಇಳಿಸಿ ನಿಧಾನಕ್ಕೆ ಬಿಟ್ಟೆ. ಒಂದು ತಗ್ಗು ಬಂತು. ಗಾಡಿ ಮೆಲ್ಲಗೆ ಇಳಿಯಿತು, ಮೆಲ್ಲಗೆ ಎದ್ದಿತು, ಇನ್ನೊಮ್ಮೆ ಇಳಿಯಿತು.

"ಹೆಂಗೈತವ್ವ?"

ಕನ್ನಡಿಯಲ್ಲಿ ನೋಡಿದರೆ ಮುಖ ಬಿಳಿಚಿಕೊಂಡಿತ್ತು. ಹಿರಣ್ಯಕೇಶಿ ಹೊಳೆಯ ಸೇತುವೆ ಇನ್ನೂ ಮುಟ್ಟಿರಲಿಲ್ಲ. "ನಿಲ್ಲಸೋ" ಅಂದಳು. ಬಾಗಿಲು ತೆಗೆಯುವಷ್ಟರಲ್ಲಿ ಆಗಬಾರದ್ದು ಆಯಿತು.

ರಸ್ತೆ ಬದಿಯಲ್ಲಿ ಮುಖ ತೊಳೆದುಕೊಂಡು ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಕೂಸಿನ ತೊಟ್ಟಿಲಕ ಕರಿ ಅಂದ್ರ ನೀ ನನ್ನ ತೊಟ್ಟಿಲದಾಗ ಹಾಕಿ ತೂಗಾಕತ್ತೀಯಲ್ಲೋ" ಅಂದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಬೀಗತಿನ ಹಾಸ್ಲಿ ಬಿಡು" ಅಂದಳು. ಅವಳ ದನಿಯಲ್ಲಿ ಈ ಸಲ ಸಿಟ್ಟೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಓಣಿಯ ರೈತನೊಬ್ಬನ ಚಕ್ಕಡಿ ಕಬ್ಬಿನ ಸೋಗೆ ಹೇರಿಕೊಂಡು ಊರ ಕಡೆ ಬಂತು.

"ಯಾಕ ದೊಡ್ಡವ್ವ, ಮಗನ ಕಾರು ಕೆಡ್ತೇನು?"

"ಕಾರು ಚಲೋ ಐತೋ, ನಾನ ಕೆಟ್ಟೇನಿ. ತಡಿ, ಹತ್ತತೇನಿ."

ಅವ್ವ ಸೋಗೆಯ ಮೇಲೆ ಹತ್ತಿ ಕೂತಳು. ನಾನು ಮಾನ ಬಿಟ್ಟು ಫಸ್ಟ್ ಗೇರಿನಲ್ಲಿ ಚಕ್ಕಡಿಯ ಹಿಂದೆ ಕಾರು ನಡೆಸಿದೆ. ಹೊಲದಲ್ಲಿದ್ದವರು ನಿಂತು ನೋಡಿ ನಗುತ್ತಿದ್ದರು. ಬೇರೆ ಕೆಲಸ ಇಲ್ಲದ್ದರಿಂದ ನಾನು ಅವ್ವನನ್ನೇ ನೋಡುತ್ತಿದ್ದೆ. ಚಕ್ಕಡಿಯ ಕಬ್ಬಿಣದ ಪಟ್ಟಿಯ ಗಾಲಿ ಕಲ್ಲಿನ ಮೇಲೆ ಹತ್ತಿ ಧಡ್ಡನೆ ಇಳಿಯುತ್ತಿತ್ತು. ಪ್ರತಿ ಸಲವೂ ಅವ್ವ ಇಡೀ ಮೈ ಒಂದೇ ಆಗಿ ಎಗರಿ ಕೂರುತ್ತಿದ್ದಳು. ಹಾಗೆ ಎಗರುತ್ತಲೇ ಸಂಚಿ ಬಿಚ್ಚಿದಳು, ಎಲೆಗೆ ಸುಣ್ಣ ಹಚ್ಚಿದಳು, ಅಡಿಕೆ ಬಾಯಿಗೆ ಹಾಕಿಕೊಂಡು ಗಾಡಿಯವನ ಜೊತೆ ಯಾರದೋ ಮನೆಯ ಸುದ್ದಿ ಹೇಳಿ ನಕ್ಕಳು. ಈಗಷ್ಟೇ ರಸ್ತೆ ಬದಿಯಲ್ಲಿ ಬಿಳಿಚಿಕೊಂಡಿದ್ದ ಮುದುಕಿ!

ತಂಬಾಕಿನ ಚಕ್ಕಡಿ ಆಗ ನೆನಪಾಯಿತು. ಬಸ್ಸಿನಲ್ಲಿ ಸೋತ ಅದೇ ಘಾಟನ್ನು ಅವ್ವ ಅದೇ ದಿನ, ತಂಬಾಕಿನ ಖಾರ ವಾಸನೆಯ ಹೊರೆಯ ಮೇಲೆ ಕೂತು, ಆರಾಮಾಗಿ ದಾಟಿದ್ದಳು. ಚಕ್ಕಡಿಗೆ ಸ್ಪ್ರಿಂಗೇ ಇಲ್ಲ. ಮೆತ್ತನೆಯ ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ, ನುಂಗಿದ್ದನ್ನು ನಿಧಾನವಾಗಿ ತೂಗಿ ತೂಗಿ ತೀರಿಸುತ್ತದೆ. ಜೀವಮಾನವೆಲ್ಲ ಪೆಟ್ಟಿಗೆ ಒಗ್ಗಿದ ಅವ್ವನ ಮೈಗೆ ಆಗದಿದ್ದದ್ದು ಆ ತೂಗಾಟ. ನಾವೆಲ್ಲ ಅವಳ ಸೊಂಟದ ಚಿಂತೆ ಮಾಡಿದ್ದೆವು. ಅವಳ ಸೊಂಟಕ್ಕೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಮಾತು ತೆಗೆದೆ. "ಅವ್ವ, ಗಾಡಿಗೆ ಮೊದಲಿನ ಗಟ್ಟಿ ಸ್ಪ್ರಿಂಗ್ ಹಾಕಿಸಿ ತರ್ತೇನಿ. ಚಕ್ಕಡಿಯಂಗ ಹೋಗತೈತಿ."

"ಚಕ್ಕಡಿಯಂಥಾದು ಯಾಕ? ಚಕ್ಕಡೀನ ಹೂಡು."

ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅಪ್ಪ ಅಂದ: "ಚಕ್ಕಡ್ಯಾಗ ಹೋಗು. ಇಚಲಕರಂಜಿ ಮುಟ್ಟೂದ್ರಾಗ ಆ ಕೂಸು ಸಾಲಿಗಿ ಹೋಗಿರತೈತಿ."

ಎಲ್ಲರೂ ನಕ್ಕೆವು, ಅವ್ವನೂ ನಕ್ಕಳು. ನಕ್ಕದ್ದೇ ನನಗೆ ದಾರಿ ಆಯಿತು. ಅವ್ವ ಒಂದು ಕರಾರು ಹಾಕಿದಳು: ಆ ಸೀಟಿನ ಮೇಲೆ ತಾನು ಕೂರುವುದಿಲ್ಲ. ಕೆಳಗೆ ಹುಲ್ಲು ಹಾಕಬೇಕು.

ಕೊಲ್ಲಾಪುರದಲ್ಲಿ ಗೋಣಿಚೀಲ ಮತ್ತೆ ಹೊತ್ತುಕೊಂಡು ಬಂದ ನನ್ನನ್ನು ನೋಡಿ ಮಿಸ್ತ್ರಿ ಸ್ಪ್ಯಾನರು ಕೆಳಗಿಟ್ಟ. "ಅವೋ ಮಾಸ್ತರ, ಇದು ನಿಮ್ಮ ಆಯಿಗೋ, ರೇಸಿನವರಿಗೋ?"

"ಆಯಿಗೇ. ನೀ ಹಾಕು ಮಹಾರಾಯ."

"ಬರೂ ಮುಂದ ಆಯಿ ತಾವ ಗಾಡಿ ಹೊಡ್ಕೊಂಡು ಬರ್ತಾರೇನೋ" ಎಂದು ಗೊಣಗುತ್ತ ಕಾರಿನ ಕೆಳಗೆ ನುಗ್ಗಿದ. ನಾನು ಅವನ ಎದುರಿಗೆ ಧೈರ್ಯದಿಂದ ಮಾತಾಡಿದೆನಾದರೂ ಒಳಗೆ ಅಳುಕು ಇತ್ತು. ಈ ಸಲವೂ ತಪ್ಪಿದರೆ ಅವ್ವ ಇನ್ನೆಂದೂ ಯಾವ ಗಾಡಿಯನ್ನೂ ಹತ್ತುವುದಿಲ್ಲ.

ಹೊರಡುವ ದಿನ ಮುಂಜಾನೆ ಹಿಂದಿನ ಸೀಟು ಮಡಚಿದೆ. ಅವ್ವ ತಾನೇ ನಿಂತು ಜೋಳದ ಕಣಿಕೆ ಬೇಡವೆಂದು, ಭತ್ತದ ಹುಲ್ಲು ತರಿಸಿ, ಚಕ್ಕಡಿಗೆ ಹಾಸುವಂತೆ ದಪ್ಪಗೆ ಹಾಸಿ, ಮೇಲೆ ಕೌದಿ ಹಾಕಿ, ನನ್ನ ಸೀಟಿನ ಬೆನ್ನಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ಸಣ್ಣ ಕಂಬಳಿ ಮಡಿಲಲ್ಲಿ. ಅಕ್ಕ ನನ್ನ ಪಕ್ಕದಲ್ಲಿ. ಕುರಿ ಬಿಟ್ಟು ಬರಲಾರೆನೆಂದು ಅಪ್ಪ ಉಳಿದ. ಉಳಿದವನು ಕಾರಿನ ಸುತ್ತ ಒಂದು ಸುತ್ತು ಬಂದು, "ಎತ್ತೊಂದು ಕಮ್ಮಿ" ಅಂದ.

ಮೊದಲ ಹೊಂಡದಲ್ಲಿ ಗಾಡಿ ಧಡ್ ಅಂತು. ಹಿಂದಿನಿಂದ ಅವ್ವನ ದನಿ: "ಹಾಂ. ಈಗ ಗಾಡಿ ಗಾಡಿ ಆತು ನೋಡು."

ಸಂಕೇಶ್ವರ ದಾಟಿತು. ಘಾಟು ಬಂದಾಗ ನಾನು ಗೇರು ಇಳಿಸಿದೆ. ಒಂದು ತಿರುವು, ಇನ್ನೊಂದು ತಿರುವು. ಕಾರು ವಾಲಲಿಲ್ಲ.

"ಅವ್ವ?"

"ಏನೋ?"

"ಹೆಂಗಾಗಾಕತ್ತೇತಿ?"

"ಏನಾಗಬೇಕು? ಕೆಳಗ ಕಲ್ಲು ಕಲ್ಲೂ ಗೊತ್ತಾಗತೈತಿ. ನೆಲದ ಮ್ಯಾಲ ಅದೇನಿ ಅನಸತೈತಿ. ನೀ ಮುಂದ ನೋಡಿ ಹೊಡಿ."

ಅಕ್ಕ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ನನ್ನ ಕಣ್ಣು ಮಂಜಾಗಿತ್ತು, ಘಾಟಿನಲ್ಲಿ ಅದು ಒಳ್ಳೆಯದಲ್ಲವೆಂದು ಒರೆಸಿಕೊಂಡೆ.

ನಿಪ್ಪಾಣಿಯಲ್ಲಿ ಅವ್ವ "ನಿಲ್ಲಸೋ" ಅಂದಳು. ನಿಲ್ಲಿಸಿ ಓಡಿ ಹೋಗಿ ಹಿಂದಿನ ಬಾಗಿಲು ಎತ್ತಿದೆ. ಅವ್ವ ಆರಾಮಾಗಿದ್ದಳು. ಸ್ಟ್ಯಾಂಡಿನ ಕಡೆ ಕೈ ಮಾಡಿ, "ಅದ ಗಿಡ. ಅದರ ಬುಡಕ ಕುಂತಿದ್ದೆ" ಅಂದಳು. ಮೂವರೂ ಸ್ವಲ್ಪ ಹೊತ್ತು ಆ ಬೇವಿನ ಗಿಡ ನೋಡಿದೆವು. ಕೆಳಗೆ ಯಾರೋ ಬಾಳೆಹಣ್ಣು ಮಾರುತ್ತಿದ್ದರು. "ನಡಿ, ಹೊತ್ತಾಗತೈತಿ" ಅಂದಳು.

ಕಾಗಲದ ಹತ್ತಿರ ಹೊರಳಿ, ಹುಪರಿಯ ಬೆಳ್ಳಿ ಕೆಲಸದವರ ಓಣಿಗಳನ್ನು ದಾಟಿ ಇಚಲಕರಂಜಿ ಮುಟ್ಟಿದೆವು. ಮಾವನ ಮನೆಯ ಮಗ್ಗಗಳು ಅಂದು ನಿಂತಿದ್ದರೂ ಓಣಿಯ ಉಳಿದ ಮಗ್ಗಗಳ ಖಟಖಟ ಇದ್ದೇ ಇತ್ತು. ಬೀಗತಿ ಬಾಗಿಲಿಗೆ ಬಂದಳು. ಹಿಂದಿನ ಬಾಗಿಲಿನಿಂದ, ಸೀರೆಗೆ ಹುಲ್ಲು ಅಂಟಿಸಿಕೊಂಡು ಅವ್ವ ಇಳಿಯುವುದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಬರ್ರಿ ಬೀಗತಿ. ಎತ್ತು ಎಲ್ಲಿ ಬಿಟ್ಟು ಬಂದ್ರಿ?"

ಅವ್ವ ಹುಲ್ಲು ಕೊಡವುತ್ತ ನನ್ನ ಕಡೆ ಬೆರಳು ಮಾಡಿದಳು: "ಅಲ್ಲಿ ಸ್ಟೇರಿಂಗ್ ಹಿಡಕೊಂಡು ನಿಂತೈತಿ ನೋಡ್ರಿ. ಒಂದೀಟು ನೀರು ಕುಡಸ್ರಿ."

ಓಣಿಯೆಲ್ಲ ನಕ್ಕಿತು. ಬೀಗತಿಯೂ ನಕ್ಕು ಅವ್ವನ ಕೈ ಹಿಡಿದು ಒಳಗೆ ಕರೆದೊಯ್ದಳು. ಅವ್ವ ಕೈಕಾಲು ತೊಳೆದು ನೇರ ತೊಟ್ಟಿಲ ಹತ್ತಿರ ಹೋದಳು. ಕಂಬಳಿ ಬಿಚ್ಚಿ, ಒಮ್ಮೆ ತನ್ನ ಕೆನ್ನೆಗೆ ಒತ್ತಿ ಮೆತ್ತಗಿದೆಯೇ ನೋಡಿ, ನಾಲ್ಕೂ ಮೂಲೆ ಎಳೆದು ಹಾಸಿದಳು. ಮಗಳನ್ನು ಮಲಗಿಸಿದಳು. ಅಕ್ಕ ಬಗ್ಗಿ ಕಿವಿಯಲ್ಲಿ ಹೆಸರು ಹೇಳುವಾಗ ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಬೀಗತಿಯ ಗುದ್ದೇ ಜೋರು. ಜೋಗುಳ ಹಾಡುತ್ತ ತೊಟ್ಟಿಲನ್ನು ಜೀಕತೊಡಗಿದಾಗ ಅವ್ವ ಕೈ ಅಡ್ಡ ಹಿಡಿದಳು: "ಸಾವಕಾಶ ರೀ. ನನ್ನ ಮೊಮ್ಮಗಳದಾಳ, ವಾಂತಿ ಬಂದೀತು."

ಮರುದಿನ ಹೊರಡುವಾಗ ಅವ್ವ ಹುಲ್ಲಿನ ಮೇಲೆ ಸರಿಯಾಗಿ ಕೂತು, "ಬಂದ ದಾರಿ ಬ್ಯಾಡ. ಕೊಲ್ಲಾಪುರದ ಮ್ಯಾಲ ಹಾದು ಹೋಗೂಣು" ಅಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೊಲ್ಲಾಪುರ ಮುಟ್ಟಿ ವಿದ್ಯಾಪೀಠದ ಗೇಟಿನ ಎದುರು ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ಎತ್ತಿದೆ. ಅವ್ವ ಕಾಲು ಇಳಿಬಿಟ್ಟು, ಚಕ್ಕಡಿಯ ಹಿಂದೆ ಕೂತಂತೆ ಕೂತಳು.

"ಇಲ್ಲೇನು?"

"ಹೌದವ್ವ."

"ಕರೀ ಅಂಗಿ ಹಾಕ್ಕೊಂಡು ನೀ ಎಲ್ಲಿ ನಿಂತಿದ್ದಿ?"

ನಾನು ಹೋಗಿ ಆ ಜಾಗದಲ್ಲಿ ನಿಂತು ತೋರಿಸಿದೆ. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನನ್ನನ್ನು ನೋಡಿದಳು, ಗೇಟು ನೋಡಿದಳು, ಮೇಲೆ ಸೂರ್ಯನನ್ನು ನೋಡಿದಳು.

"ಅಯ್ಯ, ಬಿಸಲಾಗ ನಿಂತಿದ್ದಿಯೇನೋ" ಅಂದಳು. "ನಾನರ ಗಿಡದ ಬುಡಕ ಇದ್ದೆ."